ಹದಿನಾರನೇ ಹಾಸಿಗೆಯವರ ಜಾಗ

ಲಸಿಕೆಯನ್ನು ನಾನು ದೂರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಸುತ್ತಮುತ್ತ ಎಲ್ಲ ಕಡೆ ಕೆಮ್ಮು ಹಬ್ಬಿ, ಜನ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಒಬ್ಬರಿಗೂ ಬರಲಿಲ್ಲ. ನನ್ನ ದೂರು ಇದ್ದದ್ದು ಸೂಜಿ ಬಿದ್ದ ಜಾಗದ ಬಗ್ಗೆ. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಈ ಹೊತ್ತಿಗೂ ನಾನು ನನ್ನ ಗಿರಣಿಯಲ್ಲಿ ರಾಗಿ ಬೀಸಿಕೊಂಡು, ಡಬ್ಬ ಹಿಡಿದು ನಿಂತ ಗಿರಾಕಿಗಳ ಹತ್ತಿರ ಜಗಳ ಆಡಿಕೊಂಡು ಇರುತ್ತಿದ್ದೆ.

ನನ್ನ ಹೆಸರು ಪುಟ್ಟನಂಜಮ್ಮ. ಗಿರಣಿ ನಂಜಮ್ಮ ಅಂದರೆ ಊರಿಗೆಲ್ಲ ಗೊತ್ತಿತ್ತು.

ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಸೈರನ್ ಕೂಗುತ್ತದೆ. ಕೂಗಿದ ಕೂಡಲೇ ಒಲೆಯ ಮೇಲಿದ್ದದ್ದನ್ನು ಇಳಿಸಿ ಎಲ್ಲರೂ ಹೊಸ್ತಿಲ ಮುಂದೆ ಬಂದು ನಿಲ್ಲಬೇಕು. ಮೊದಲು ಎಡಗೈ ಎತ್ತಬೇಕು, ಅದು ನಾನಿದ್ದೇನೆ ಅನ್ನುವುದಕ್ಕೆ. ಆಮೇಲೆ ಬಲಗೈ ಎತ್ತಿ ಒಂದು ಹೆಸರು ಹೇಳಬೇಕು, ಅದು ತೀರಿಕೊಂಡವರ ಪೈಕಿ ನಾವು ಇಟ್ಟುಕೊಂಡವರದು. ಬೀದಿಗೊಬ್ಬ ಎಣಿಕೆಯವನಿರುತ್ತಾನೆ. ನಮ್ಮ ಬೀದಿಯ ಬೋರಲಿಂಗಯ್ಯ ಸೈಕಲ್ ತಳ್ಳಿಕೊಂಡು ಬಂದು, ಒಂದೊಂದು ಬಾಗಿಲ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗುತ್ತಾನೆ. ಮೊಣಕೈ ಕಿವಿ ದಾಟಿರಬೇಕು, ದಾಟದಿದ್ದರೆ ಗೆರೆ ಇಲ್ಲ. ಒಂದು ಕೈಗೆ ಒಂದೇ ಹೆಸರು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ, ಪಾತ್ರೆಪಗಡಗಳ ಜೊತೆಗೆ ಅಪ್ಪ ಯಾರ ಕೈಗೆ, ಅವ್ವ ಯಾರ ಕೈಗೆ ಅಂತಲೂ ಪಂಚಾಯ್ತಿ ಕೂತು ಮಾತಾಡುತ್ತಾರೆ.

ನನ್ನ ಬಲಗೈಯಲ್ಲಿ ನಮ್ಮನೆಯವರಿದ್ದರು, ಮರಿಸ್ವಾಮಿ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಲೆಕ್ಕದಲ್ಲಿರುವ ಸತ್ತವರು ಕಣ್ಣಿಗೆ ಕಾಣುವುದಿಲ್ಲ, ಆದರೆ ಮನೆಯಲ್ಲಿ ಇರುತ್ತಾರೆ. ಕೂತು ಮಾಡುವ ಯಾವುದಾದರೂ ಒಂದು ಕೆಲಸ ಹಿಡಿದುಕೊಂಡಿರುತ್ತಾರೆ. ಅವರ ಮಾತು ಅವರಿಗಾಗಿ ಕೈ ಎತ್ತುವವರಿಗೆ ಮಾತ್ರ ಕೇಳುತ್ತದೆ. ನಮ್ಮನೆಯವರು ಗಿರಣಿಯ ಮೂಲೆಯ ಹಗ್ಗದ ಮಂಚದಲ್ಲಿ ಕೂತು ಬೀಸುಕಲ್ಲಿನ ಸದ್ದು ಕೇಳುತ್ತಿದ್ದರು. ಕಲ್ಲು ಕಾದರೆ ಮಂಚದ ಕಾಲಿಗೆ ಟಕಟಕ ಬಡಿದು, ‘ನಂಜೀ, ಹಿಟ್ಟು ಸೀಯ್ತಾ ಅದೆ ಕಣೇ’ ಅನ್ನುತ್ತಿದ್ದರು. ಬದುಕಿದ್ದಾಗ ಬಾಯಿಬಿಟ್ಟವರಲ್ಲ ಪುಣ್ಯಾತ್ಮ, ಸತ್ತ ಮೇಲೆ ದಿನವಿಡೀ ಮಾತು. ನನಗೆ ಮಕ್ಕಳಿರಲಿಲ್ಲ. ಆ ಟಕಟಕವೇ ನನ್ನ ಸಂಸಾರ ಆಗಿತ್ತು.

ಲಸಿಕೆಯ ದಿನ ಆಸ್ಪತ್ರೆಯ ಅಂಗಳದಲ್ಲಿ ಗೇಟಿನವರೆಗೂ ಸರತಿ ಇತ್ತು. ಚುಚ್ಚುತ್ತಿದ್ದವಳು ಸಿಸ್ಟರ್ ಕಸ್ತೂರಿ ಒಬ್ಬಳೇ. ಬೆಳಗಿನಿಂದ ಅವಳು ಕೂತಿರಲಿಲ್ಲ ಅಂತ ಅವಳ ಕಾಲು ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ತಾನು ನಿಂತುಕೊಂಡೇ ಎಡಗೈಗೆ ಸೂಜಿ ಹಾಕಿದಳು. ಮೂಳೆಗೇ ಏನೋ ತಗುಲಿದಂತಾಗಿ ಅಮ್ಮಾ ಅಂದೆ. ಅಷ್ಟು ಹೊತ್ತಿಗೆ ಅವಳು ಮುಂದಿನವರ ಚೀಟಿ ಕೈಗೆ ತೆಗೆದುಕೊಂಡಾಗಿತ್ತು.

ಅವತ್ತಿನ ಸಂಜೆ ಹಲ್ಲು ಕಚ್ಚಿಕೊಂಡು ಕೈ ಎತ್ತಿದೆ. ಮಾರನೆಯ ಸಂಜೆ ಕಣ್ಣಲ್ಲಿ ನೀರು ಬಂತು, ಮೊಣಕೈ ಹೇಗೋ ಕಿವಿ ಮುಟ್ಟಿತು. ಮೂರನೆಯ ದಿನ ಬೆಳಗ್ಗೆ ಎತ್ತಿ ನೋಡಿದರೆ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ನಾನೇನು ಸುಮ್ಮನಿರುವವಳಲ್ಲ. ಆ ಸಂಜೆ ಗಿರಣಿಯ ಬಾಗಿಲ ಮೇಲಿನ ಕಂಬಿಗೆ ಹಗ್ಗ ಹಾಕಿ, ಮುಂಗೈಗೆ ಸುತ್ತಿ, ಎಳೆದು ನಿಲ್ಲಿಸಿಕೊಂಡಿದ್ದೆ. ಬೋರಲಿಂಗಯ್ಯ ಸೈಕಲ್ ನಿಲ್ಲಿಸಿ ಹಗ್ಗವನ್ನು ನೋಡಿದ, ನನ್ನ ಮುಖ ನೋಡಿದ.

“ಕಟ್ಟಿದ ಕೈ ನಡಿಯಾಕಿಲ್ಲ ನಂಜಕ್ಕ,” ಅಂದ. “ನಾನು ಬಿಟ್ರೂ ಗೆರೆ ನಿಲ್ಲಾಕಿಲ್ಲ. ಅಳಿಸೋಯ್ತದೆ.”

ಎಡಗೈಗೆ ಗೆರೆ ಬೀಳದವರ ಬಲಗೈಯನ್ನು ಯಾರೂ ನೋಡುವುದಿಲ್ಲ. ಮರಿಸ್ವಾಮಿ, ಮರಿಸ್ವಾಮಿ ಅಂತ ಎರಡು ಸಲ ಕೂಗಿದೆ, ಬೋರಲಿಂಗಯ್ಯ ಆಗಲೇ ಪಕ್ಕದ ಮನೆಗೆ ಹೋಗಿದ್ದ. ಒಳಗೆ ಬಂದು ನೋಡಿದರೆ ಮಂಚದ ಹಗ್ಗ ಬಿಗಿಯಾಗಿ ನಿಂತಿತ್ತು. ಒಂಬತ್ತು ವರ್ಷ ಬಿದ್ದಿದ್ದ ಕುಳಿ ಇರಲಿಲ್ಲ. ಗಿರಣಿ ಹಾಕಿದೆ, ಕಲ್ಲು ಕಾಯುವವರೆಗೂ ಬರಿದೇ ಓಡಿಸಿದೆ, ಯಾರೂ ಬಡಿಯಲಿಲ್ಲ. ಅವರು ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಲೆಕ್ಕ ತಪ್ಪಿದವರನ್ನು ನಮ್ಮ ಕಡೆ ಕಡಿಮೆಯಾದವರು ಅನ್ನುತ್ತಾರೆ. ಅದೇನು ಒಂದೇ ಏಟಿಗೆ ಆಗುವುದಲ್ಲ. ಮೊದಲು ಅಂಗಡಿಯವನು ನನ್ನ ಚಿಲ್ಲರೆಯನ್ನು ಹಿಂದೆ ನಿಂತವರ ಕೈಗೆ ಕೊಟ್ಟ. ಆಮೇಲೆ ಗಿರಾಕಿಗಳು ನನ್ನ ಮುಂದೆಯೇ ನಿಂತು, ಯಾರೂ ಇಲ್ಲವೇನೋ ಅಂತ ಡಬ್ಬ ಎತ್ತಿಕೊಂಡು ವಾಪಸ್ ಹೋದರು. ಜನ ಕೆಟ್ಟವರಲ್ಲ, ಅವರಿಗೆ ಇದೆಲ್ಲ ರೂಢಿ. ಹೋಟೆಲಿನಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ, ಅದು ಕಡಿಮೆಯಾದವರದು. ಬೆಳಗ್ಗೆ ಅಲ್ಲೊಂದು ಲೋಟ ಕಾಫಿ ಇಟ್ಟಿರುತ್ತಾರೆ. ಹಿಂದೆ ನಾನೂ ಆ ಬೆಂಚನ್ನು ಬಳಸಿಕೊಂಡು ಹೋಗುತ್ತಿದ್ದೆ, ಅಲ್ಲಿ ಯಾರಿರಬಹುದು ಅಂತ ಒಂದು ದಿನವೂ ಯೋಚಿಸಿದವಳಲ್ಲ. ನಲವತ್ತು ಸಂಜೆ ಗೆರೆ ಬೀಳದಿದ್ದರೆ ಮನುಷ್ಯ ಪೂರ್ತಿ ಹೋದಂತೆ. ಎಲ್ಲಿಗೆ ಹೋಗುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಅಷ್ಟು ಹೊತ್ತಿಗೆ ಮರೆತಿರುತ್ತಾರೆ.

ನನ್ನ ಪುಣ್ಯಕ್ಕೆ ನನ್ನದು ಹಿಟ್ಟಿನ ಕಸುಬು. ಮೈಮೇಲೆ ಹಿಟ್ಟು ಇದ್ದರೆ ನಾನು ಕಾಣುತ್ತಿದ್ದೆ, ಕಂಡರೆ ಮಾತೂ ಕೇಳಿಸುತ್ತಿತ್ತು. ಹೊರಗೆ ಹೊರಡುವಾಗ ಎರಡು ಹಿಡಿ ಅಕ್ಕಿ ಹಿಟ್ಟು ಮುಖಕ್ಕೂ ತಲೆಗೂ ಸುರಿದುಕೊಂಡು ಹೋಗುತ್ತಿದ್ದೆ. ಬೀದಿಯಲ್ಲಿ ಮಕ್ಕಳು ಓಡಿಹೋಗಿ ಒಳಗೆ ಸೇರಿಕೊಳ್ಳುತ್ತಿದ್ದವು.

ಇನ್ನೊಂದು ಆಯಿತು. ಬದುಕಿದ್ದವರಿಗೆ ನಾನು ಕಾಣದಂತಾದ ಹಾಗೆಲ್ಲ, ಸತ್ತವರು ನನಗೆ ಕಾಣತೊಡಗಿದರು, ಅವರ ಮಾತೂ ಕೇಳತೊಡಗಿತು. ಬೀದಿಯ ಉದ್ದಕ್ಕೂ ಪ್ರತಿ ಜಗಲಿಯ ಮೇಲೂ ಕೂತಿದ್ದರು. ಒಬ್ಬರು ಬತ್ತಿ ಹೊಸೆಯುತ್ತಿದ್ದರು, ಒಬ್ಬರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು, ಒಬ್ಬ ಮುದುಕ ಕೊಡೆ ರಿಪೇರಿ ಮಾಡುತ್ತಿದ್ದ. ಗುರುತಿನವರು ತಲೆ ಎತ್ತಿ ನಕ್ಕರು. ನಾನು ಯಾರಿಗಾಗಿ ನೋಡುತ್ತಿದ್ದೇನೆ ಅಂತ ಅವರಿಗೆಲ್ಲ ಗೊತ್ತಿತ್ತು. ಅಷ್ಟು ಜನರಲ್ಲಿ ನಮ್ಮನೆಯವರೊಬ್ಬರು ಇರಲಿಲ್ಲ.

ಡಾಕ್ಟರು ಹಿಟ್ಟು ಒರೆಸಿ ಭುಜ ಹಿಸುಕಿ ನೋಡಿದರು. ಸೂಜಿ ಮಾಂಸಕ್ಕೆ ಬೀಳಬೇಕಿತ್ತು, ಮೇಲೆ ಕೀಲಿಗೆ ಬಿದ್ದಿದೆ, ಒಳಗೆ ಊದಿಕೊಂಡು ಭುಜ ಬಿಗಿದಿದೆ ಅಂತ ಬರೆದುಕೊಟ್ಟರು. ಸಡಿಲವಾಗುತ್ತದೆ, ಆದರೆ ಒಂದು ವರ್ಷ ಹಿಡಿಯಬಹುದು ಅಂದರು. ನನ್ನ ಹತ್ತಿರ ಇನ್ನು ಮೂವತ್ತು ಸಂಜೆ ಇತ್ತು.

ಪರಿಹಾರ ಕಚೇರಿಯ ಗುಮಾಸ್ತ ಹಾಲಪ್ಪ ನನ್ನನ್ನು ನೋಡಿ ಮೂರು ಸಲ ಸೀನಿದ. ಲೆಕ್ಕದಲ್ಲಿ ಇಲ್ಲದವರ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ ಅಂದ. ಲೆಕ್ಕ ತಪ್ಪಿದ್ದಕ್ಕೇ ಅರ್ಜಿ ಕಣಪ್ಪ ಅಂದೆ. ಹಳೆಯ ಪುಸ್ತಕ ತಿರುವಿ ಹಾಕಿ, ಅಂಥದ್ದಕ್ಕೆ ಒಂದೇ ಪರಿಹಾರ ಇದೆ, ಕೈಗೆ ಕೈ ಅಂದ. ಯಾರ ಕೈಯಿಂದ ಕೆಟ್ಟಿತೋ ಅವರ ಬಲಗೈ ನನ್ನದಾಗುತ್ತದೆ. ಅವರು ಅದುವರೆಗೆ ಹೇಳುತ್ತಿದ್ದ ಹೆಸರು ಬಿಟ್ಟು ನನ್ನ ಹೆಸರು ಹೇಳಬೇಕು.

“ನಾನು ಲೆಕ್ಕಕ್ಕೆ ಬಂದ್ರೆ ನಮ್ಮನೇವ್ರೂ ಬರ್ತಾರೆ ತಾನೆ?” ಅಂತ ಕೇಳಿದೆ.

“ಮೊದ್ಲು ನೀವು ಬನ್ನಿ. ಆಮೇಲಿಂದು ಆಮೇಲೆ ನೋಡಾಣ,” ಅಂದು ಹಾಲಪ್ಪ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡ.

ಅದನ್ನು ನಾನು ಹೌದು ಅಂತ ತೆಗೆದುಕೊಂಡೆ. ಬೇಕಾದ್ದನ್ನು ಕೇಳಿಸಿಕೊಳ್ಳುವುದರಲ್ಲಿ ನನ್ನ ಕಿವಿ ಚೆನ್ನಾಗಿಯೇ ಇತ್ತು.

ಅರ್ಜಿಗೆ ಮೊದಲು ತಂಗಿಯ ಮನೆಗೆ ಹೋಗಿದ್ದೆ ಅನ್ನುವುದನ್ನೂ ಹೇಳಬೇಕು. ಅವಳ ಬಲಗೈಯಲ್ಲಿ ನಮ್ಮ ಅವ್ವ ಇದ್ದಾಳೆ. ಅವಳು ನನ್ನ ಹಿಟ್ಟಿನ ಮುಖ ನೋಡಿ ಅತ್ತು, ಅವ್ವನ್ನ ಬಿಡ್ಲಾ ಅಕ್ಕ ಅಂತ ಕೇಳಿದಳು. ಬಾಗಿಲಲ್ಲಿ ಅವ್ವ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳು ನನ್ನನ್ನು ನೋಡಲೇ ಇಲ್ಲ, ಕೈಯನ್ನು ಮಾತ್ರ ಬೇಗ ಬೇಗ ಆಡಿಸತೊಡಗಿದಳು. ಬೇಡ ಅಂತ ಹೇಳಿ ಎದ್ದು ಬಂದೆ. ಕಸ್ತೂರಿಯ ಕೈ ಕೇಳುವುದಕ್ಕೆ ನನಗೆ ಅಂಥ ಸಂಕಟ ಇರಲಿಲ್ಲ. ಮಾಡಿದವಳು ಅವಳು, ಕೊಡಲಿ ಅಂದುಕೊಂಡೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು, ಲಸಿಕೆಯ ವೇಳೆ ತೋಳನ್ನು ಹೇಗೆ ತೆರೆದು ತೋರಿಸಿದಿರಿ ಅಂತ. ರವಿಕೆಯ ತೋಳು ಮಡಿಸಿ ಅಂತ ಬರೆಸಿದೆ. ಅದು ಸುಳ್ಳು. ಗಿರಣಿಯವರ ರವಿಕೆಯ ತೋಳು ಮೊಣಕೈವರೆಗೂ ಬಿಗಿ ಇರುತ್ತದೆ, ಹಿಟ್ಟು ಒಳಗೆ ಹೋಗಬಾರದು ಅಂತ. ಬೆವರಿಗೆ ಅಂಟಿಕೊಂಡರೆ ಮಡಿಸಲು ಆಗುವುದಿಲ್ಲ. ನಾನು ಮೇಲಿನ ಎರಡು ಗುಂಡಿ ಬಿಚ್ಚಿ, ಕತ್ತಿನ ಕಡೆಯಿಂದ ರವಿಕೆ ಎಳೆದು ಭುಜದ ತುದಿ ತೋರಿಸಿದ್ದೆ. ಇಲ್ಲೇ ಹಾಕು ತಾಯಿ, ಗಿರಣಿ ಮುಂದೆ ಜನ ಕಾಯ್ತಾ ಅವ್ರೆ ಅಂದಿದ್ದೆ. ಇದನ್ನು ಬರೆಸಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು.

ದಿನ ಹತ್ತಾಯಿತು, ಇಪ್ಪತ್ತಾಯಿತು. ಹಾಲಪ್ಪ ಇವತ್ತು ಬಾ, ನಾಳೆ ಬಾ ಅಂದ. ಎರಡು ಹಿಡಿ ಹಿಟ್ಟು ಸಾಕಾಗುತ್ತಿದ್ದ ಕಡೆ ನಾಲ್ಕು ಹಿಡಿ ಬೇಕಾಯಿತು. ಕೊನೆಕೊನೆಗೆ ಹಿಟ್ಟು ಮೈಮೇಲೆ ನಿಲ್ಲದೆ ಜಾರಿ, ನಾನು ನಡೆದ ದಾರಿಯಲ್ಲಿ ಬಿಳಿ ಗೆರೆಯಾಗಿ ಬಿದ್ದಿರುತ್ತಿತ್ತು. ಮೂವತ್ತೊಂಬತ್ತನೆಯ ಸಂಜೆ ಮುಗಿದ ಮಾರನೆಯ ದಿನ, ಮಧ್ಯಾಹ್ನದ ಮೇಲೆ, ಹಾಲಪ್ಪ ಆದೇಶದ ಕಾಗದ ಮೇಜಿನ ತುದಿಗೆ ಸರಿಸಿದ. ಅವನು ನೋಡುತ್ತಿದ್ದದ್ದು ನಾನಿದ್ದ ಕಡೆ ಅಲ್ಲ. ಇವತ್ತಿನ ಸೈರನ್ನಿಗೆ ಮುಂಚೆ ಆ ಸಿಸ್ಟರ್ ಸಹಿ ಆಗಬೇಕು, ನೀವೇ ಹೋಗಿ ಹಾಕಿಸಿಕೊಳ್ಳಿ ಅಂತ ಗೋಡೆಗೆ ಹೇಳಿದ.

ಕಸ್ತೂರಿಯ ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿತ್ತು. ಜಗಲಿಯ ಮೇಲೆ ಒಬ್ಬ ಗಂಡಸು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಸಣಕಲು ಆಳು, ಆಸ್ಪತ್ರೆಯ ನೀಲಿ ಪಟ್ಟೆಯ ಅಂಗಿ. ಬಾಗಿಲ ಪಕ್ಕ ಎರಡು ಗೆರೆ ಇದ್ದವು. ಎರಡನೆಯ ಗೆರೆ ಇವನದು, ಇವನೇ ನಾನು ಎಬ್ಬಿಸಬೇಕಾದವನು ಅಂತ ಅರ್ಥವಾಯಿತು.

“ಬನ್ನಿ,” ಅಂದು ಅವನು ಮೊರ ಸರಿಸಿ ಜಾಗ ಮಾಡಿದ. ಹಾಗೆ ನನ್ನ ಮುಖ ನೋಡಿ ಒಬ್ಬರು ಬನ್ನಿ ಅಂದು ಎಷ್ಟೋ ದಿನವಾಗಿತ್ತು.

ಕಸ್ತೂರಿಗೆ ನೀವು ಏನಾಗಬೇಕು ಅಂತ ಕೇಳಿದೆ. ಏನೂ ಆಗಬೇಕಿಲ್ಲ ಅಂದ. ಹನ್ನೊಂದು ವರ್ಷದ ಹಿಂದೆ ಯಾರೋ ಅವನನ್ನು ಬಸ್ ನಿಲ್ದಾಣದಿಂದ ಎತ್ತಿ ತಂದು ಆಸ್ಪತ್ರೆಗೆ ಹಾಕಿದ್ದರಂತೆ. ಆಗಲೇ ಮಾತು ನಿಂತಿತ್ತು. ಊರು, ಹೆಸರು ಯಾರಿಗೂ ತಿಳಿಯಲಿಲ್ಲ. ಹದಿನಾರನೇ ಹಾಸಿಗೆಯಲ್ಲಿ ಆರು ದಿನ ಇದ್ದು ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ, ಅದುವರೆಗೂ ಬಲಗೈ ಖಾಲಿ ಇದ್ದ ಕಸ್ತೂರಿ ಹೊಸ್ತಿಲ ಮುಂದೆ ನಿಂತು, ಹೆಸರು ಗೊತ್ತಿಲ್ಲದೆ, ‘ಹದಿನಾರನೇ ಹಾಸಿಗೆ’ ಅಂತ ಕೂಗಿದಳು. ಎಣಿಕೆಯವನು ತಕರಾರು ಮಾಡಲಿಲ್ಲ. ಅವತ್ತಿನಿಂದ ಅವನು ಇಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾನೆ.

“ಈಗ್ಲೂ ಹೆಸ್ರು ನೆನಪಿಲ್ಲ ಕಣಮ್ಮ,” ಅಂದ. “ಆದ್ರೆ ದಿನಾ ಒಬ್ರು ಕರೀತಾರಲ್ಲ, ಅಷ್ಟು ಸಾಕಾಗಿತ್ತು.”

ನಾನು ಕಾಗದ ತೋರಿಸಿದೆ. ಅವನಿಗೆ ಆಗಲೇ ಗೊತ್ತಿತ್ತು. ನೀವು ಹೋಗಬೇಕಾಗುತ್ತದೆ, ನನಗೆ ನಮ್ಮನೆಯವರನ್ನು ವಾಪಸ್ ಕರೆಸಿಕೊಳ್ಳಬೇಕು, ನನ್ನ ಮೇಲೆ ಸಿಟ್ಟಾಗಬೇಡಿ ಅಂದೆ. ಅವನು ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದ.

“ಕಚೇರೀಲಿ ಹೇಳ್ಲಿಲ್ವಾ? ಬಲಗೈಲಿ ಬಂದೋರ ಕೈ ಲೆಕ್ಕಕ್ಕಿಲ್ಲಮ್ಮ. ನಿಮ್ಮನ್ನ ಎಣಿಸ್ತಾರೆ, ನಮ್ಮ ಸಾಲಿನಲ್ಲಿ ಎಣಿಸ್ತಾರೆ. ಇಲ್ಲಿ ಕೂತ್ಕೋತೀರ. ಗಿರಣಿ ಇಲ್ಲ, ಮನೇವ್ರೂ ಇಲ್ಲ.”

ಜಗಲಿಯ ಕಂಬ ಹಿಡಿದುಕೊಂಡೆ. ಕೈಯಿಂದ ಹಿಟ್ಟು ಉದುರಿತು, ಕಂಬದ ಮೇಲೆ ನನ್ನ ಬೆರಳ ಗುರುತೂ ನಿಲ್ಲಲಿಲ್ಲ. ಕಾಗದ ಹರಿದು ಎದ್ದು ಹೋಗಬೇಕು ಅಂತ ನಿಜವಾಗಿಯೂ ಅನ್ನಿಸಿತು. ಅವರಿಲ್ಲದ ಮೇಲೆ ಈ ಕೈ ತೆಗೆದುಕೊಂಡು ಏನು ಮಾಡಲಿ? ಯಾರಿಗೂ ಏನೂ ಮಾಡದ ಈ ಮನುಷ್ಯನನ್ನು, ನನ್ನ ರವಿಕೆಯ ಗುಂಡಿಯ ತಪ್ಪಿಗೆ, ಯಾಕೆ ಎಬ್ಬಿಸಲಿ? ಇಷ್ಟೆಲ್ಲ ಯೋಚಿಸಿದೆ. ಯೋಚಿಸುತ್ತಲೇ ಕಾಗದ ಹೊಸ್ತಿಲ ಮೇಲಿಟ್ಟು ಬಾಗಿಲು ತಟ್ಟಿದೆ. ನನಗೆ ಹೆದರಿಕೆಯಾಗಿತ್ತು. ಒಂದು ಗಂಟೆಯ ಮೇಲೆ ನಾನು ಎಲ್ಲಿಯೂ ಇರುವುದಿಲ್ಲ ಅನ್ನುವ ಹೆದರಿಕೆ ಎಂಥದ್ದು ಅಂತ, ಅದನ್ನು ಕಂಡವರಿಗೇ ಗೊತ್ತು.

ಕಸ್ತೂರಿ ಬಾಗಿಲು ತೆಗೆದಳು. ಅವಳಿಗೆ ನಾನು ಕಾಣಲಿಲ್ಲ, ಹೊಸ್ತಿಲ ಮೇಲೆ ಉದುರಿದ ಹಿಟ್ಟು ಮತ್ತು ಕಾಗದ ಕಂಡವು. ಬಗ್ಗಿ ಕಾಗದ ಎತ್ತಿಕೊಂಡು ನಿಂತಲ್ಲೇ ಓದಿದಳು. ಎರಡು ಸಲ ಓದಿದಳು ಅಂತ ಕಾಣುತ್ತದೆ, ಅಷ್ಟು ಹೊತ್ತಾಯಿತು. ಒಳಗೆ ಹೋಗಿ ಪೆನ್ನು ತಂದು ಸಹಿ ಹಾಕಿದಳು. ಆಮೇಲೆ ಜಗಲಿಗೆ ಬಂದು ಬೆಳ್ಳುಳ್ಳಿಯ ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತು, “ನನ್ನಿಂದ ತಪ್ಪಾಗಿದೆ. ನೀವು ಹೋಗ್ಬೇಕಾಗತ್ತೆ,” ಅಂದಳು.

ಅವನು ಏನು ಹೇಳಿದ ಅಂತ ನಾನು ಇಲ್ಲಿ ಹೇಳುವುದಿಲ್ಲ. ಅದು ಅವಳಿಗೆ ಹೇಳಿದ್ದು.

ಸೈರನ್ ಕೂಗಿತು. ಕಸ್ತೂರಿ ಹೊಸ್ತಿಲ ಮುಂದೆ ನಿಂತು ಎಡಗೈ ಎತ್ತಿದಳು, ಎಣಿಕೆಯವನು ಗೆರೆ ಎಳೆದ. ಬಲಗೈ ಎತ್ತಿದಳು. “ಹದಿ...” ಅಂದವಳು ನಿಲ್ಲಿಸಿದಳು. ಹನ್ನೊಂದು ವರ್ಷದ ಬಾಯಿರೂಢಿ. ಆ ಗಳಿಗೆಯಲ್ಲಿ ನನ್ನ ಪಾದ ನನಗೇ ಕಾಣುತ್ತಿರಲಿಲ್ಲ. ಹೇಳೇ, ಹೇಳೇ ತಾಯಿ ಅಂತ ನಾನು ಕಿರುಚಿಕೊಂಡೆ, ಅದು ನಾಚಿಕೆಗೇಡು, ಆದರೂ ಕಿರುಚಿಕೊಂಡೆ.

“ಪುಟ್ಟನಂಜಮ್ಮ,” ಅಂದಳು ಕಸ್ತೂರಿ.

ಅವನು ಎದ್ದು ಮಡಿಲಿನ ಬೆಳ್ಳುಳ್ಳಿ ಸಿಪ್ಪೆ ಕೊಡವಿದ. ಮೊರವನ್ನು ಕಾಲಿಗೆ ಸಿಗದ ಹಾಗೆ ಗೋಡೆಗೆ ಒರಗಿಸಿಟ್ಟ. ಮೆಟ್ಟಿಲು ಇಳಿದು ಓಣಿಯ ತಿರುವಿನವರೆಗೆ ನಡೆದ. ತಿರುಗಿ ನೋಡಲಿಲ್ಲ. ತಿರುವಿನಲ್ಲಿ ಒಂದು ದನ ಅಡ್ಡ ನಿಂತಿತ್ತು, ಅವನು ಅದನ್ನು ಬಳಸಿಕೊಂಡು ಹೋಗುವವನ ಹಾಗೆ ಪಕ್ಕಕ್ಕೆ ಸರಿದ, ಆ ಪಕ್ಕದಿಂದ ಮತ್ತೆ ಹೊರಗೆ ಬರಲಿಲ್ಲ. ಅವನು ಕೂತಿದ್ದ ಜಾಗ ಖಾಲಿ ಇತ್ತು. ನಾನು ಹೋಗಿ ಕೂತೆ.

ಅವತ್ತು ಕಸ್ತೂರಿಗೆ ನನ್ನ ಮಾತು ಕೇಳಿಸುವಂತಾದ ಮೇಲೆ ನಾನು ಮೊದಲು ಹೇಳಿದ್ದು ರವಿಕೆಯ ಸಂಗತಿ. ತಡೆದುಕೊಳ್ಳಲು ಆಗಲಿಲ್ಲ. ಅವಳು ಅನ್ನಕ್ಕೆ ನೀರಿಡುತ್ತಿದ್ದಳು.

“ಗೊತ್ತು ನಂಜಮ್ಮ,” ಅಂದಳು. “ಕತ್ತಿಂದ ಎಳೆದಾಗ್ಲೇ ನೋಡ್ದೆ. ಅಲ್ಲಿ ಹಾಕಬಾರ್ದು ಅಂತ ನಂಗೊತ್ತು, ನಿಮಗೆ ಗೊತ್ತಿರಲ್ಲ. ಸರತಿ ಉದ್ದ ಇತ್ತು, ಹಾಕಿಬಿಟ್ಟೆ.”

ಆಮೇಲೆ ನಾವು ಆ ಮಾತು ಎತ್ತಿಲ್ಲ. ಎರಡು ವರ್ಷವಾಗುತ್ತಾ ಬಂತು. ನನ್ನ ಗಿರಣಿಯನ್ನು ಯಾರೋ ತೆಗೆದುಕೊಂಡಿದ್ದಾರಂತೆ. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ, ವರ್ಷ ತುಂಬುವುದರೊಳಗೆ ನನ್ನ ಭುಜ ಸಡಿಲವಾಯಿತು. ಈಗ ಎಡಗೈಯನ್ನು ಕಿವಿ ದಾಟಿಸಿ ನೆಟ್ಟಗೆ ಎತ್ತಬಲ್ಲೆ. ದಿನಾ ಸಂಜೆ ಜಗಲಿಯ ಮೇಲೆ ಕೂತೇ ಎರಡೂ ಕೈ ಎತ್ತಿ, ಮರಿಸ್ವಾಮಿ ಅಂತ ಒಂದು ಸಲ ಹೇಳುತ್ತೇನೆ. ಗೆರೆ ಎಳೆಯುವವನು ನನ್ನ ಆಚೆಗೆ ನೋಡಿಕೊಂಡು ಹೋಗುತ್ತಾನೆ.

ಬೆಳ್ಳುಳ್ಳಿ ನನ್ನ ಕೈಗೆ ಹತ್ತಲಿಲ್ಲ. ನಾನು ಹಿಡಿದುಕೊಂಡ ಕೆಲಸ ಬೇರೆ. ಇಪ್ಪತ್ತೆಂಟು ವರ್ಷ ಸೂಜಿ ಹಿಡಿದ ಕೈ ಕಸ್ತೂರಿಯದು, ಈ ಚಳಿಗಾಲದಿಂದ ಅವಳ ಬಲಭುಜ ಹಿಡಿದುಕೊಳ್ಳತೊಡಗಿದೆ. ದಿನಾ ಸಂಜೆ ಅವಳು ಆಸ್ಪತ್ರೆಯಿಂದ ಬಂದ ಕೂಡಲೇ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆ. ನನ್ನ ಕೈ ತಣ್ಣಗಿದೆ ಅಂತ ಅವಳು ಮೈ ಕುಗ್ಗಿಸುತ್ತಾಳೆ, ಆದರೂ ಬೇಡ ಅನ್ನುವುದಿಲ್ಲ. ಮೊನ್ನೆ ನನ್ನ ಹೆಸರು ಹೇಳುವಾಗ ಅವಳ ಬಲ ಮೊಣಕೈ ಕಿವಿ ದಾಟಿತ್ತು. ನಿನ್ನೆ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಎಣಿಕೆಯವನು ತಲೆ ಓರೆ ಮಾಡಿ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ಗೆರೆ ಎಳೆದ. ಇವತ್ತು ಬೆಳಗ್ಗೆ ಅವಳು ತಲೆ ಬಾಚುತ್ತಾ ನಡುವೆ ಬಾಚಣಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡಿದ್ದನ್ನು ನಾನು ನೋಡಿದೆ.

ಸೈರನ್ನಿಗೆ ಇನ್ನು ಒಂದು ಗಂಟೆ ಇದೆ. ಎಣ್ಣೆ ಕಾಯಿಸಿಟ್ಟುಕೊಂಡು ಕೂತಿದ್ದೇನೆ. ಅವಳು ಇವತ್ತು ಬೇಗ ಬರಲಿ.